ಅಮೆರಿಕದ ಜೈಲಿನಿಂದ ಕೇಸ್ ಹಾಕುವುದಾದರೆ: ಕೋರ್ಟ್ ಫೀ ಕಂತಿನ ಪೂರ್ತಿ ಲೆಕ್ಕ

ಹೋದ ವರ್ಷ ತುಮಕೂರು ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ನನಗೆ ಫೋನ್ ಮಾಡಿದ್ದರು. ಅವರ ಮಗ ಅಮೆರಿಕದ ಒಂದು ಜೈಲಿನಲ್ಲಿದ್ದಾನೆ. ಒಳಗೆ ಬಿದ್ದು ಮಣಿಕಟ್ಟು ಮುರಿದಿತ್ತು. ವಾರಗಟ್ಟಲೆ ಯಾರೂ ಎಕ್ಸ್‌ರೇ ತೆಗೆಸಲಿಲ್ಲ. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಹುಡುಗ ಕೇಸ್ ಹಾಕುತ್ತೇನೆ ಅಂತ ಕೂತಿದ್ದ.

"ಏನಪ್ಪಾ, ಅಲ್ಲಿ ಬಡವರಿಗೆ ಕೋರ್ಟ್ ಫೀ ಮಾಫ್ ಅಂತೆ. ಇವನ ಹತ್ರ ಕಾಸಿಲ್ಲ. ಒಂದು ಅರ್ಜಿ ಕೊಟ್ಟರೆ ಆಯ್ತಲ್ವಾ?" ಅಂತ ಕೇಳಿದರು.

"ಮಾಫ್ ಆಗಲ್ಲ ಮೇಷ್ಟ್ರೇ. ಕಂತು ಮಾಡಿಕೊಡ್ತಾರೆ, ಅಷ್ಟೇ" ಅಂದೆ.

ಅವರಿಗೆ ನಂಬಿಕೆಯೇ ಬರಲಿಲ್ಲ. ಬರದಿದ್ದದ್ದು ಸಹಜ. ನಮ್ಮಲ್ಲಿ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಎಂದು ತೆಗೆದುಕೊಂಡು, 1979ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಬಂಧನದಲ್ಲಿರುವ ಯಾರಿಗೇ ಆದರೂ ಪುಕ್ಕಟೆ ವಕೀಲರ ನೆರವು ಸಿಗಬೇಕು ಅಂತ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯೇ ಹೇಳುತ್ತದೆ. ಆ ಲೆಕ್ಕ ಇಟ್ಟುಕೊಂಡು ಅಮೆರಿಕದ ಕೋರ್ಟಿನ ಬಾಗಿಲಿಗೆ ಹೋದರೆ ಪೆಟ್ಟು ತಿನ್ನುತ್ತೀರಿ.

ನಾನು ವಕೀಲನಲ್ಲ. ಇಲ್ಲಿ ಅಮೆರಿಕದಲ್ಲಿ ಬಿಡುವಿನ ವೇಳೆಯಲ್ಲಿ ಕೈದಿಗಳ ಮನೆಯವರಿಗೆ ಫಾರ್ಮ್ ತುಂಬಲು ನೆರವಾಗುತ್ತೇನೆ. ಮೇಷ್ಟ್ರಿಗೆ ತುಂಡು ತುಂಡಾಗಿ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟಿನ, ಅಂದರೆ ಕೇಂದ್ರ ಸರ್ಕಾರದ ಮೊದಲ ಹಂತದ ಕೋರ್ಟಿನ ಲೆಕ್ಕ. ಜೈಲಿನ ಹಕ್ಕಿನ ಕೇಸುಗಳು ಹೆಚ್ಚಾಗಿ ಹೋಗುವುದು ಅಲ್ಲಿಗೇ.

ಈ ಕಂತು ಎಲ್ಲಿಂದ ಬಂತು

1996ಕ್ಕೆ ಮುಂಚೆ ಕಾಸಿಲ್ಲದ ಕೈದಿ ಅರ್ಜಿ ಕೊಟ್ಟರೆ ಸಾಮಾನ್ಯವಾಗಿ ಫೀ ಇರುತ್ತಿರಲಿಲ್ಲ, ಅಥವಾ ಚೂರುಪಾರು ಕಟ್ಟಿದರೆ ಸಾಕಿತ್ತು. ಆ ವರ್ಷ ಏಪ್ರಿಲ್ 26ರಂದು ಅಧ್ಯಕ್ಷ ಕ್ಲಿಂಟನ್ ಪ್ರಿಸನ್ ಲಿಟಿಗೇಶನ್ ರಿಫಾರ್ಮ್ ಆ್ಯಕ್ಟ್‌ಗೆ ಸಹಿ ಹಾಕಿದರು. ಎಲ್ಲರೂ ಅದನ್ನು ಪಿಎಲ್‌ಆರ್‌ಎ ಅಂತಲೇ ಕರೆಯುತ್ತಾರೆ. ಕೈದಿಗಳು ಸುಮ್ಸುಮ್ನೆ ಕೇಸ್ ಹಾಕಿ ಕೋರ್ಟಿನ ಹೊತ್ತು ಹಾಳು ಮಾಡುತ್ತಾರೆ ಅನ್ನುವುದು ಆ ಕಾನೂನಿನ ಹಿಂದಿದ್ದ ದೂರು.

ಆಗ ಸೆನೆಟ್‌ನಲ್ಲಿ ಓಡಾಡಿದ ಒಂದು ಕಥೆ ಪೀನಟ್ ಬಟರ್‌ನದು. ಕೈದಿ ಕೇಳಿದ ಬಗೆಯದು ಬಿಟ್ಟು ಬೇರೆ ಬಗೆಯದು ಕೊಟ್ಟರಂತೆ, ಅದಕ್ಕೇ ಕೇಸ್ ಹಾಕಿದನಂತೆ ಅಂತ. ಜಾನ್ ನ್ಯೂಮನ್ ಎಂಬ ಫೆಡರಲ್ ಅಪೀಲು ನ್ಯಾಯಾಧೀಶರು ಆ ಫೈಲನ್ನೇ ತೆರೆದು ನೋಡಿದರು. ಆತ ತಪ್ಪು ಬಾಟಲಿಯನ್ನು ವಾಪಸ್ ಕೊಟ್ಟಿದ್ದ. ಬದಲಿ ಬಾಟಲಿ ಬರುವ ಮೊದಲೇ ಅವನನ್ನು ಬೇರೆ ಜೈಲಿಗೆ ಸಾಗಿಸಿದ್ದರು. ಆದರೆ ಅವನ ಖಾತೆಯಿಂದ ಎರಡೂವರೆ ಡಾಲರ್ ಆಗಲೇ ಕತ್ತರಿಸಿ ಆಗಿತ್ತು. ಗಂಟೆಗೆ ಸೆಂಟ್ ಲೆಕ್ಕದಲ್ಲಿ ದುಡಿಯುವವನಿಗೆ ಅದು ಚಿಕ್ಕ ದುಡ್ಡಲ್ಲ. ಆದರೂ ಕಾನೂನು ಬಂದೇಬಿಟ್ಟಿತು. 1995ರ ಸುಮಾರಿಗೆ ವರ್ಷಕ್ಕೆ 40 ಸಾವಿರದಷ್ಟು ಬರುತ್ತಿದ್ದ ಕೈದಿಗಳ ಹಕ್ಕಿನ ಕೇಸುಗಳು ಕೆಲವೇ ವರ್ಷಗಳಲ್ಲಿ 25 ಸಾವಿರದ ಆಸುಪಾಸಿಗೆ ಇಳಿದವು. ಪೊಳ್ಳು ಕೇಸುಗಳಷ್ಟೇ ನಿಂತವು ಅಂತ ನನಗಂತೂ ಅನ್ನಿಸುವುದಿಲ್ಲ.

ಮೊದಲು ಮೊತ್ತ ಗೊತ್ತಿರಲಿ

ಹೊಸ ಸಿವಿಲ್ ಕೇಸಿಗೆ ಕಾನೂನು ಗೊತ್ತುಮಾಡಿರುವ ಫೀ 350 ಡಾಲರ್. ಇದರ ಮೇಲೆ ಆಡಳಿತದ ಫೀ ಅಂತ ಇನ್ನೊಂದು 55 ಡಾಲರ್ ಇದೆ. 2023ರ ಡಿಸೆಂಬರ್ 1ರಿಂದ ಈ ದರ. ಒಟ್ಟು 405. ಇದು ಒಂದೇ ಸಲ ಪೂರ್ತಿ ಕಟ್ಟುವವರಿಗೆ. ಬಡತನದ ಅರ್ಜಿ ಮಂಜೂರಾದ ಕೈದಿಗೆ ಆ 55 ಇಲ್ಲ. ಅವನ ಹೆಸರಿಗೆ ಬೀಳುವ ಸಾಲ 350. ಈ ಅಂಕಿಗಳು ಆಗಾಗ ಏರುತ್ತವೆ. ಆದ್ದರಿಂದ ಹಾಕುವ ಮುಂಚೆ ಆಯಾ ಕೋರ್ಟಿನ ಕ್ಲರ್ಕ್ ಆಫೀಸಿನ ಫೀ ಪಟ್ಟಿ ನೋಡಿ.

ಬಡತನದ ಅರ್ಜಿಯನ್ನು ಲ್ಯಾಟಿನ್ನಿನಲ್ಲಿ ಇನ್ ಫಾರ್ಮಾ ಪೌಪೆರಿಸ್ ಅನ್ನುತ್ತಾರೆ. ಬಳಕೆಯಲ್ಲಿ ಐಎಫ್‌ಪಿ. ಜೈಲಿನ ಹೊರಗಿರುವ ಬಡವನಿಗೆ ಐಎಫ್‌ಪಿ ಸಿಕ್ಕರೆ ಫೀ ನಿಜಕ್ಕೂ ಮಾಫ್. ಕೈದಿಗೆ ಸಿಕ್ಕರೆ ಮುಂಗಡವಾಗಿ ಕಟ್ಟುವುದು ತಪ್ಪುತ್ತದೆ, ಸಾಲ ಹಾಗೇ ಇರುತ್ತದೆ. ಮೇಷ್ಟ್ರು ಎಡವಿದ್ದು ಇಲ್ಲೇ. ಇಲ್ಲಿನ ವಕೀಲರಲ್ಲದವರೂ ಹೆಚ್ಚಿನವರು ಇಲ್ಲೇ ಎಡವುತ್ತಾರೆ.

ಹೆಜ್ಜೆ 1: ಇದು ಯಾವ ಕೇಸು, ಅವನು ಯಾವ ಕೈದಿ

ಎಷ್ಟು ದುಡ್ಡು ಹೋಗುತ್ತದೆ ಅನ್ನುವುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಜೈಲಿನೊಳಗಿನ ಸ್ಥಿತಿಯ ಬಗ್ಗೆ ತಕರಾರು ಇದ್ದರೆ ಅದು ಸಿವಿಲ್ ರೈಟ್ಸ್ ಕೇಸು. ಚಿಕಿತ್ಸೆ ಕೊಡಲಿಲ್ಲ, ಹೊಡೆದರು, ಪೂಜೆ ಪ್ರಾರ್ಥನೆಗೆ ಬಿಡಲಿಲ್ಲ, ಇಂಥವು. ರಾಜ್ಯದ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಅಧಿಕಾರಿಗಳ ಮೇಲಾದರೆ 1871ರಲ್ಲಿ ಹುಟ್ಟಿದ ಸೆಕ್ಷನ್ 1983ರ ಕೆಳಗೆ ಹಾಕುತ್ತಾರೆ (1983 ಇಸವಿಯಲ್ಲ, ಸೆಕ್ಷನ್ನಿನ ನಂಬರ್). ಫೆಡರಲ್ ಜೈಲಿನ ಸಿಬ್ಬಂದಿಯ ಮೇಲೆ ಈ ಸೆಕ್ಷನ್ ನಡೆಯುವುದಿಲ್ಲ. ಅಲ್ಲಿ, ಫೆಡರಲ್ ಅಧಿಕಾರಿಗಳ ಮೇಲೂ ಪರಿಹಾರದ ಕೇಸ್ ಹಾಕಬಹುದು ಅಂದ 1971ರ ಬಿವೆನ್ಸ್ ತೀರ್ಪಿನ ದಾರಿ. ಆ ದಾರಿಯನ್ನು ಸುಪ್ರೀಂ ಕೋರ್ಟ್ ಈಚೆಗೆ ತುಂಬ ಇಕ್ಕಟ್ಟು ಮಾಡಿಬಿಟ್ಟಿದೆ.

ಶಿಕ್ಷೆಯೇ ತಪ್ಪು, ಬಿಡುಗಡೆ ಬೇಕು ಅಥವಾ ಶಿಕ್ಷೆಯ ದಿನ ಕಡಿಮೆ ಆಗಬೇಕು ಅನ್ನುವುದಾದರೆ ಅದು ಹೇಬಿಯಸ್ ಕಾರ್ಪಸ್. ಅದರ ಫೀ ಬರೀ 5 ಡಾಲರ್. ಹಾಗಂತ ಚಿಕಿತ್ಸೆಯ ಕೇಸಿಗೆ ಹೇಬಿಯಸ್ ಹೆಸರು ಹಚ್ಚಿ ದುಡ್ಡು ಉಳಿಸಲು ಹೋಗಬೇಡಿ, ಕೋರ್ಟ್ ಅದನ್ನು ತಳ್ಳುತ್ತದೆ. ಉಲ್ಟಾ ತಪ್ಪೂ ಆಗುತ್ತದೆ. ಬಿಡುಗಡೆ ಕೇಳಬೇಕಾದವನು ಸೆಕ್ಷನ್ 1983ರ ಫಾರ್ಮ್ ತುಂಬಿ 350ರ ಸಾಲ ತಲೆ ಮೇಲೆ ಎಳೆದುಕೊಳ್ಳುತ್ತಾನೆ.

ಇನ್ನು ಕೈದಿ ಅಂದರೆ ಯಾರು? ಅಪರಾಧದ ಆರೋಪ ಹೊತ್ತವರು, ಶಿಕ್ಷೆಯಾದವರು, ಪೆರೋಲ್ ಅಥವಾ ಪ್ರೊಬೇಶನ್ ಷರತ್ತು ಮುರಿದು ಒಳಗಿರುವವರು. ಅಂದರೆ ವಿಚಾರಣಾಧೀನ ಕೈದಿಗೂ ಕಂತು ತಪ್ಪಿದ್ದಲ್ಲ. ಆದರೆ ಬರೀ ವೀಸಾ ತಕರಾರಿನಿಂದ ಇಮಿಗ್ರೇಶನ್ ಬಂಧನದಲ್ಲಿರುವವರನ್ನು ಫೆಡರಲ್ ಕೋರ್ಟುಗಳು ಈ ಅರ್ಥದಲ್ಲಿ ಕೈದಿ ಅಂತ ಎಣಿಸುವುದಿಲ್ಲ, ಏಕೆಂದರೆ ಅದು ಸಿವಿಲ್ ಬಂಧನ. ಅವರಿಗೆ ಐಎಫ್‌ಪಿ ಸಿಕ್ಕರೆ ಹೊರಗಿನವರಂತೆಯೇ, ಕಂತಿಲ್ಲ. ನಮ್ಮ ಕಡೆಯ ಹುಡುಗರು ಹೀಗೆ ಸಿಕ್ಕಿಕೊಳ್ಳುವುದು ಹೊಸದೇನಲ್ಲ. ಅಂಥವರ ಅರ್ಜಿಯಲ್ಲಿ "ನಾನು ಇಮಿಗ್ರೇಶನ್ ಬಂಧನದಲ್ಲಿದ್ದೇನೆ, ಯಾವ ಕ್ರಿಮಿನಲ್ ಕೇಸೂ ಇಲ್ಲ" ಅಂತ ಮೊದಲ ಸಾಲಿನಲ್ಲೇ ಬರೆಯಿಸಿ. ಜೈಲಿನ ವಿಳಾಸ ನೋಡಿದ ಕೂಡಲೇ ಕಂತಿನ ಆದೇಶ ಕಳಿಸಿಬಿಡುವ ಗುಮಾಸ್ತರಿರುತ್ತಾರೆ.

ಬೇಗ ಬಿಡುಗಡೆ ಆಗುವವನಿದ್ದರೆ ಇನ್ನೊಂದು ಮಾತು. ಕೇಸ್ ಹಾಕಿದ ದಿನ ಅವನು ಒಳಗಿದ್ದನೇ ಹೊರಗಿದ್ದನೇ ಅನ್ನುವುದೇ ಸಾಮಾನ್ಯವಾಗಿ ಮುಖ್ಯ. ಹೊರಗೆ ಬಂದ ಮೇಲೆ ಹಾಕಿದರೆ ಪಿಎಲ್‌ಆರ್‌ಎ ಕಂತಿಲ್ಲ. ಆದರೆ ಕಾಲಮಿತಿ ನೋಡಿಕೊಳ್ಳಬೇಕು. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆನೆಸಿಯಲ್ಲಿ ಒಂದು ವರ್ಷ, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಸ್‌ನಲ್ಲಿ ಎರಡು, ನ್ಯೂಯಾರ್ಕ್‌ನಲ್ಲಿ ಮೂರು. ಎಂಟು ತಿಂಗಳಲ್ಲಿ ಬಿಡುಗಡೆ, ಕಾಲಮಿತಿಗೆ ಇನ್ನೂ ಒಂದೂವರೆ ವರ್ಷ ಇದೆ ಅಂದರೆ ಕಾಯುವುದೇ ಜಾಣತನ ಇರಬಹುದು. ಗಾಯ ದಿನೇದಿನೇ ಕೆಡುತ್ತಿದ್ದರೆ ಈ ಲೆಕ್ಕ ಬೇಡ.

ಹೆಜ್ಜೆ 2: ಒಳಗಿನ ದೂರು ಮುಗಿಸಿ

ಇದು ಫೀ ವಿಷಯ ಅಲ್ವಲ್ಲ ಅನ್ನಬಹುದು. ಖಂಡಿತ ಫೀ ವಿಷಯವೇ. ಜೈಲಿನೊಳಗಿನ ದೂರು ವ್ಯವಸ್ಥೆಯನ್ನು ಗ್ರೀವೆನ್ಸ್ ಅನ್ನುತ್ತಾರೆ. ಅದರ ಎಲ್ಲ ಮೆಟ್ಟಿಲನ್ನೂ ಹತ್ತಿ ಮುಗಿಸದೆ ಕೋರ್ಟಿಗೆ ಹೋದರೆ ಕೇಸು ವಜಾ. ಗಡುವು ಮೀರಿ ದೂರು ಕೊಟ್ಟರೂ ಮುಗಿಸಿದಂತೆ ಆಗುವುದಿಲ್ಲ ಅಂತ 2006ರಲ್ಲಿ ವುಡ್‌ಫರ್ಡ್ ವಿರುದ್ಧ ಎನ್‌ಗೊ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗೆ ವಜಾ ಆದಾಗ 350 ಡಾಲರ್ ವಾಪಸ್ ಬರುವುದಿಲ್ಲ. ದೂರು ಮುಗಿಸಿ ಮತ್ತೆ ಹೊಸ ಕೇಸು ಹಾಕಿದರೆ ಇನ್ನೊಂದು 350. ಒಂದೇ ಗಾಯಕ್ಕೆ ಎರಡು ಸಾಲ.

ಆದ್ದರಿಂದ ದೂರಿನ ಪ್ರತಿ, ಉತ್ತರದ ಪ್ರತಿ, ಮೇಲ್ಮನವಿಯ ಪ್ರತಿ, ಎಲ್ಲದರ ಮೇಲೆ ತಾರೀಖು. ಇಷ್ಟೂ ಕೈಯಲ್ಲಿರಲಿ. ಫಾರ್ಮೇ ಕೊಡಲಿಲ್ಲ, ಹೆದರಿಸಿದರು ಅನ್ನುವಂತಿದ್ದರೆ ಅದನ್ನೂ ದಿನಾಂಕ ಹಾಕಿ ಬರೆದಿಡಬೇಕು. ಕೈಗೆಟುಕದ ವ್ಯವಸ್ಥೆಯನ್ನು ಮುಗಿಸಬೇಕಿಲ್ಲ ಅಂತ 2016ರ ರಾಸ್ ವಿರುದ್ಧ ಬ್ಲೇಕ್ ತೀರ್ಪು ಒಪ್ಪುತ್ತದೆ.

ಹೆಜ್ಜೆ 3: ಆರು ತಿಂಗಳ ಖಾತೆ ಪಟ್ಟಿ

ಪ್ರತಿ ಕೈದಿಗೂ ಜೈಲಿನಲ್ಲಿ ಒಂದು ಟ್ರಸ್ಟ್ ಅಕೌಂಟ್ ಇರುತ್ತದೆ. ಕೆಲಸದ ಕೂಲಿ, ಮನೆಯವರು ಕಳಿಸಿದ ದುಡ್ಡು ಎಲ್ಲ ಅದಕ್ಕೆ ಬೀಳುತ್ತದೆ. ಕ್ಯಾಂಟೀನ್ ಖರ್ಚು, ಫೋನ್ ಖರ್ಚು ಅದರಿಂದ ಹೋಗುತ್ತದೆ. ಒಳಗಿನವರ ಮಾತಿನಲ್ಲಿ "ಬುಕ್ಸ್ ಮೇಲಿನ ದುಡ್ಡು".

ಕೇಸ್ ಹಾಕುವ ದಿನದಿಂದ ಹಿಂದಿನ ಆರು ತಿಂಗಳ ಪಟ್ಟಿ ಬೇಕು. ಜೈಲಿನ ಅಧಿಕಾರಿ ಅದನ್ನು ದೃಢೀಕರಿಸಿ ಸಹಿ ಹಾಕಿರಬೇಕು. ಆ ಆರು ತಿಂಗಳಲ್ಲಿ ಎರಡು ಮೂರು ಕಡೆ ಇದ್ದರೆ ಪ್ರತಿ ಕಡೆಯ ಪಟ್ಟಿಯೂ ಬೇಕು. ಮೇಷ್ಟ್ರ ಮಗನಿಗೆ ಆದದ್ದೇ ಇದು. ಈಗಿನ ಜೈಲಿನ ನಾಲ್ಕು ತಿಂಗಳ ಪಟ್ಟಿ ಲಗತ್ತಿಸಿದ್ದ. ಅದಕ್ಕೂ ಮುಂಚೆ ಎರಡು ತಿಂಗಳು ಕೌಂಟಿ ಜೈಲಿನಲ್ಲಿದ್ದದ್ದು ಮರೆತೇ ಹೋಗಿತ್ತು. ನಾನೂ ಕೇಳಲಿಲ್ಲ, ನನ್ನದೇ ತಪ್ಪು. ಅರ್ಜಿ ಅಪೂರ್ಣ, 30 ದಿನದಲ್ಲಿ ಸರಿಪಡಿಸಿ ಅಂತ ಕೋರ್ಟಿನಿಂದ ಕಾಗದ ಬಂತು. ಹಳೇ ಜೈಲಿಗೆ ಬರೆದು ಪಟ್ಟಿ ತರಿಸುವಷ್ಟರಲ್ಲಿ 30 ದಿನದ ಕೊನೆ ವಾರ ಬಂದಿತ್ತು.

ಪಟ್ಟಿ ಕೇಳುವುದನ್ನು ಬರವಣಿಗೆಯಲ್ಲೇ ಮಾಡಬೇಕು. ಕೇಳಿದ ಚೀಟಿಯ ಒಂದು ಪ್ರತಿ ಇಟ್ಟುಕೊಳ್ಳಬೇಕು. ಅಧಿಕಾರಿ ಕೊಡದೆ ಸತಾಯಿಸಿದರೆ, ಇಂಥ ದಿನ ಕೇಳಿದೆ, ಇಂಥ ದಿನ ಮತ್ತೆ ಕೇಳಿದೆ, ಕೊಡಲಿಲ್ಲ ಅಂತ ಕೋರ್ಟಿಗೆ ಬರೆಯಬೇಕು. ಗಡುವು ಮುಗಿಯುವ ಮುಂಚೆಯೇ ಹೆಚ್ಚು ಸಮಯ ಕೇಳಬೇಕು. ಮುಗಿದ ಮೇಲೆ ಕೇಳಿದರೆ ಕೇಳಿಸಿಕೊಳ್ಳುವವರು ಕಡಿಮೆ.

ಹೆಜ್ಜೆ 4: ಬಡತನದ ಅರ್ಜಿ ತುಂಬುವುದು

ಕೋರ್ಟಿನ ಕ್ಲರ್ಕ್‌ಗೆ ಒಂದು ಕಾಗದ ಬರೆದು ಕೈದಿಗಳ ಸಿವಿಲ್ ರೈಟ್ಸ್ ಫಾರ್ಮ್ ಕಳಿಸಿ ಅಂದರೆ ಕಳಿಸುತ್ತಾರೆ. ಹಲವು ಕೋರ್ಟುಗಳಿಗೆ ತಮ್ಮದೇ ಫಾರ್ಮ್ ಇದೆ. ಇಲ್ಲದಿದ್ದರೆ ದೂರಿಗೆ ಪ್ರೊ ಸೆ 14, ಬಡತನಕ್ಕೆ ಎಒ 240. ಪ್ರೊ ಸೆ ಅಂದರೆ ವಕೀಲರಿಲ್ಲದೆ ತಾನೇ ನಡೆಸುವವನು. ಯಾವ ಕೋರ್ಟು ಅನ್ನುವುದು ಘಟನೆ ಎಲ್ಲಿ ನಡೆಯಿತು ಅನ್ನುವುದರ ಮೇಲೆ ಹೋಗುತ್ತದೆ. ಈಗ ಎಲ್ಲಿದ್ದಾನೆ ಅನ್ನುವುದರ ಮೇಲಲ್ಲ.

ನಮ್ಮೂರಲ್ಲಿ ಅಫಿಡವಿಟ್ ಅಂದರೆ ಸ್ಟಾಂಪ್ ಪೇಪರ್, ನೋಟರಿ, ಕೋರ್ಟಿನ ಮುಂದಿನ ಟೈಪಿಸ್ಟ್. ಇಲ್ಲಿ ಅದ್ಯಾವುದೂ ಬೇಡ. "ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆ" ಎಂಬ ಅರ್ಥದ ಸಾಲಿನ ಕೆಳಗೆ ತಾರೀಖು ಹಾಕಿ ಸಹಿ ಮಾಡಿದರೆ ಸಾಕು. ಸಹಿ ಮಾತ್ರ ಅವನದೇ ಆಗಿರಬೇಕು. ಅಪ್ಪ ಅಮ್ಮ ಮಾಡುವಂತಿಲ್ಲ.

ಫಾರ್ಮಿನಲ್ಲಿ ಆಸ್ತಿಯ ಪ್ರಶ್ನೆ ಇದೆ. ಮನೆ, ಜಮೀನು, ಷೇರು, ಒಡವೆ, ಬೇರೆಯವರ ಹೆಸರಿನಲ್ಲಿಟ್ಟಿರುವ ಬೆಲೆಬಾಳುವ ವಸ್ತು ಕೂಡ. ಊರಲ್ಲಿ ಪಹಣಿಯಲ್ಲಿ ಹೆಸರಿದ್ದರೆ ಅದನ್ನು ಬರೆಯಿಸಿ. ಅಣ್ಣತಮ್ಮಂದಿರ ಜಂಟಿ ಖಾತೆ, ಇನ್ನೂ ಭಾಗ ಆಗಿಲ್ಲ, ಮಾರಲು ಆಗುವುದಿಲ್ಲ ಅಂತ ಪಕ್ಕದಲ್ಲೇ ವಿವರಿಸಿ. "ಅಮೆರಿಕದವರಿಗೆ ಮಧುಗಿರಿಯ ಎರಡು ಎಕರೆ ಹೇಗೆ ಗೊತ್ತಾಗುತ್ತೆ" ಅಂತ ಮೇಷ್ಟ್ರೂ ಕೇಳಿದರು. ಗೊತ್ತಾಗದೆ ಇರಬಹುದು. ಗೊತ್ತಾದರೆ, ಬಡತನದ ಮಾತು ಸುಳ್ಳು ಎಂದು ಕಂಡ ಕೇಸನ್ನು ಕೋರ್ಟ್ ವಜಾ ಮಾಡಲೇಬೇಕು ಅಂತ ಕಾನೂನಿನಲ್ಲೇ ಬರೆದಿದೆ. ಮುರಿದ ಕೈಯ ಕೇಸು ಎರಡು ಎಕರೆಯ ಸುಳ್ಳಿಗೆ ಹೋಗುವುದು ಬೇಡ.

ಹೆಜ್ಜೆ 5: ಎಷ್ಟು ಕತ್ತರಿಸುತ್ತಾರೆ, ನೀವೇ ಲೆಕ್ಕ ಹಾಕಿ

ಮೊದಲ ಕಂತಿಗೆ ಎರಡು ಸರಾಸರಿ ತೆಗೆಯುತ್ತಾರೆ. ಆರು ತಿಂಗಳಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಜಮಾ ಆಯಿತು ಅನ್ನುವುದು ಒಂದು. ತಿಂಗಳಿಗೆ ಸರಾಸರಿ ಎಷ್ಟು ಬ್ಯಾಲೆನ್ಸ್ ಇತ್ತು ಅನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದರ ಶೇ. 20 ಮೊದಲ ಕಂತು.

ಒಂದು ಉದಾಹರಣೆ ನೋಡಿ. ಆರು ತಿಂಗಳಲ್ಲಿ ಜಮಾ ಆದದ್ದು 60, 40, 0, 50, 90, 0 ಡಾಲರ್. ಒಟ್ಟು 240. ತಿಂಗಳಿಗೆ ಸರಾಸರಿ 40. ಬ್ಯಾಲೆನ್ಸಿನ ಸರಾಸರಿ 25 ಅಂತಿಟ್ಟುಕೊಳ್ಳಿ. ಜಾಸ್ತಿ ಇರುವುದು 40. ಅದರ ಶೇ. 20 ಅಂದರೆ 8 ಡಾಲರ್. 350ರಲ್ಲಿ 8 ಹೋದರೆ ಉಳಿದ ಸಾಲ 342.

ಆಮೇಲೆ ತಿಂಗಳ ಕಂತು. ಹಿಂದಿನ ತಿಂಗಳು ಖಾತೆಗೆ ಬಂದ ಆದಾಯದ ಶೇ. 20ನ್ನು ಜೈಲಿನವರೇ ಕೋರ್ಟಿಗೆ ಕಳಿಸುತ್ತಾರೆ. ಖಾತೆಯಲ್ಲಿ 10 ಡಾಲರಿಗಿಂತ ಜಾಸ್ತಿ ಇದ್ದಾಗ ಮಾತ್ರ. ಹತ್ತು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆ ಸಲ ಕಡಿತವಿಲ್ಲ. ಹಿಂದಿನ ತಿಂಗಳು ಏನೂ ಬಂದಿಲ್ಲ ಅಂದರೆ ಸೊನ್ನೆಯ ಶೇ. 20 ಸೊನ್ನೆಯೇ.

ಇದು ಎಷ್ಟು ದಿನ ಎಳೆಯುತ್ತದೆ? ಗಂಟೆಗೆ 30 ಸೆಂಟಿನ ಕೆಲಸ, ತಿಂಗಳಿಗೆ 120 ಗಂಟೆ ಅಂದುಕೊಳ್ಳಿ. ಕೂಲಿ 36 ಡಾಲರ್. ಕಂತು 7 ಡಾಲರ್ 20 ಸೆಂಟ್. 342 ತೀರಲು 48 ತಿಂಗಳು, ನಾಲ್ಕು ವರ್ಷ. 30 ಸೆಂಟ್ ಅನ್ನುವುದು ಕಟ್ಟುಕಥೆಯೇನಲ್ಲ. ಫೆಡರಲ್ ಜೈಲುಗಳ ಒಳಗೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಕೊಡುತ್ತಾರೆ. ಟೆಕ್ಸಸ್, ಜಾರ್ಜಿಯಾದಂಥ ಕಡೆ ಹೆಚ್ಚಿನ ಕೆಲಸಗಳಿಗೆ ಏನೂ ಇಲ್ಲ.

ಖಾತೆ ಪೂರ್ತಿ ಖಾಲಿ ಇದ್ದರೆ? ಮೊದಲ ಕಂತು ಕಟ್ಟಲು ಕಾಸೇ ಇಲ್ಲ ಅನ್ನುವ ಕಾರಣಕ್ಕೆ ಕೇಸು ಹಾಕದಂತೆ ತಡೆಯುವಂತಿಲ್ಲ. ಇದೂ ಕಾನೂನಿನಲ್ಲೇ ಇದೆ. ಕೇಸು ನಡೆಯುತ್ತದೆ. ದುಡ್ಡು ಬಂದಾಗ ಕಂತು ಶುರುವಾಗುತ್ತದೆ.

ಮನೆಯವರ ದುಡ್ಡಿನ ವಿಷಯ

ಇದಕ್ಕೆ ಹೆಜ್ಜೆಯ ಸಂಖ್ಯೆ ಕೊಡುವುದಿಲ್ಲ, ಏಕೆಂದರೆ ಇದು ಕೈದಿಯ ಕೆಲಸವಲ್ಲ, ನಿಮ್ಮದು.

ನೀವು ಕಳಿಸುವ ದುಡ್ಡೂ ಅವನ ಆದಾಯವೇ. ಸೋಪು, ಫೋನು, ಬನಿಯನ್ನಿಗೆ ಅಂತ 100 ಡಾಲರ್ ಕಳಿಸಿದರೆ ಅದರಲ್ಲಿ 20 ಕೋರ್ಟಿಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಾಧಿತರಿಗೆ ಕೊಡಬೇಕಾದ ಪರಿಹಾರ ಬಾಕಿ ಇದ್ದರೆ ಅದಕ್ಕೂ ಅರ್ಧದವರೆಗೆ ಕತ್ತರಿಸುತ್ತಾರೆ. ಆಗ ನೂರರಲ್ಲಿ ಅವನ ಕೈಗೆ ಎಷ್ಟು ಬಂತು ಅಂತ ನೀವೇ ನೋಡಿ.

ಕೇಸ್ ಹಾಕುವ ಮುಂಚಿನ ಆರು ತಿಂಗಳಲ್ಲಿ ಒಂದೇ ಸಲ ದೊಡ್ಡ ಮೊತ್ತ ಹಾಕಿದರೆ ಸರಾಸರಿ ಏರಿ ಮೊದಲ ಕಂತು ದಪ್ಪವಾಗುತ್ತದೆ. ಮೊತ್ತ ತೀರ ಜಾಸ್ತಿಯಿದ್ದರೆ "ನಿನಗೆ ಕಟ್ಟುವ ಶಕ್ತಿ ಇದೆ, ಪೂರ್ತಿ ಕಟ್ಟು" ಅಂತ ಅರ್ಜಿಯನ್ನೇ ತಳ್ಳಬಹುದು.

ಹಾಗಾದರೆ ನಾವೇ 405 ಕಟ್ಟಿಬಿಡೋಣ ಅನ್ನುವವರಿದ್ದಾರೆ. ಕಟ್ಟಬಹುದು. ತಿಂಗಳ ಕಡಿತದ ತಲೆನೋವಿಲ್ಲ. ಆದರೆ 55 ಜಾಸ್ತಿ. ಎದುರಾಳಿಗಳಿಗೆ ಸಮನ್ಸ್ ತಲುಪಿಸುವ ಕೆಲಸವೂ ನಿಮ್ಮ ತಲೆಗೆ ಬರುತ್ತದೆ. ಐಎಫ್‌ಪಿ ಸಿಕ್ಕಿದ್ದರೆ ಅದನ್ನು ಅಮೆರಿಕದ ಮಾರ್ಷಲ್ ಇಲಾಖೆಯವರು ಮಾಡುತ್ತಾರೆ. ಐದು ಜನರ ಮೇಲೆ ಕೇಸಿದ್ದರೆ, ಅದರಲ್ಲಿ ಇಬ್ಬರು ಕೆಲಸ ಬಿಟ್ಟು ಹೋಗಿದ್ದರೆ ಸಮನ್ಸ್ ಅಂದರೆ ಏನು ಅಂತ ಗೊತ್ತಾಗುತ್ತದೆ. ದುಡ್ಡಿದ್ದರೂ ಇದನ್ನು ಯೋಚಿಸಿಯೇ ಕಟ್ಟಿ.

ಹೆಜ್ಜೆ 6: ಅಂಚೆಗೆ ಹಾಕುವುದು

ದೂರು, ಬಡತನದ ಅರ್ಜಿ, ಖಾತೆ ಪಟ್ಟಿ ಮೂರನ್ನೂ ಒಂದೇ ಲಕೋಟೆಯಲ್ಲಿ ಕಳಿಸಬೇಕು. ಪ್ರತಿ ಇಟ್ಟುಕೊಳ್ಳದೆ ಕಳಿಸಬಾರದು. ಆಮೇಲೆ ಕ್ಲರ್ಕ್ ಹತ್ತಿರ ಪ್ರತಿ ಕೇಳಿದರೆ ಪುಟಕ್ಕೆ 50 ಸೆಂಟ್. ಐಎಫ್‌ಪಿ ಸಿಕ್ಕಿದೆ ಅಂತ ಪ್ರತಿ ಪುಕ್ಕಟೆ ಬರುವುದಿಲ್ಲ.

ವಕೀಲರಿಲ್ಲದ ಕೈದಿಗೆ ಒಂದು ಅನುಕೂಲ ಇದೆ. ಕಾಗದ ಕೋರ್ಟಿಗೆ ಮುಟ್ಟಿದ ದಿನ ಲೆಕ್ಕಕ್ಕಿಲ್ಲ. ಜೈಲಿನ ಅಧಿಕಾರಿಯ ಕೈಗೆ ಅಂಚೆಗೆಂದು ಕೊಟ್ಟ ದಿನವೇ ಸಲ್ಲಿಸಿದ ದಿನ. 1988ರ ಹ್ಯೂಸ್ಟನ್ ವಿರುದ್ಧ ಲ್ಯಾಕ್ ತೀರ್ಪಿನಿಂದ ಬಂದ ನಿಯಮ ಇದು. ಆದ್ದರಿಂದ "ಇಂಥ ದಿನ ಜೈಲಿನ ಅಂಚೆಗೆ ಕೊಟ್ಟೆ" ಅಂತ ಕೊನೆಯಲ್ಲಿ ಬರೆದು ಸಹಿ ಹಾಕಬೇಕು. ಲೀಗಲ್ ಮೇಲ್ ರಿಜಿಸ್ಟರ್ (ಕೋರ್ಟ್ ಕಾಗದಗಳ ಅಂಚೆ ಪುಸ್ತಕ) ಇದ್ದರೆ ಅದರಲ್ಲೇ ನಮೂದಾಗಲಿ.

ಹೆಜ್ಜೆ 7: ಕೋರ್ಟಿನಿಂದ ಬರುವ ಕಾಗದ

ಎಲ್ಲ ಸರಿಯಿದ್ದರೆ ಐಎಫ್‌ಪಿ ಮಂಜೂರು, ಮೊದಲ ಕಂತು ಇಷ್ಟು, ಇಂಥ ದಿನದೊಳಗೆ ಬರಬೇಕು ಅಂತ ಆದೇಶ ಬರುತ್ತದೆ. ಜೈಲಿನ ಅಕೌಂಟ್ಸ್ ವಿಭಾಗಕ್ಕೂ ಒಂದು ಪ್ರತಿ ಹೋಗುತ್ತದೆ. ಅವರಿಗೆ ಹೋಗಿದೆ ತಾನೇ, ಅವರೇ ಕಳಿಸುತ್ತಾರೆ ಅಂತ ಕೂರಬೇಡಿ. ಮೊದಲ ಕಂತಿಗೆ ದುಡ್ಡು ಬಿಡುಗಡೆ ಮಾಡಿ ಅಂತ ಅವನೇ ಚೀಟಿ ಬರೆದುಕೊಡಲಿ. ಕಂತು ಮುಟ್ಟದೆ ಕೇಸು ವಜಾ ಆದರೆ ಅನುಭವಿಸುವವನು ಅಕೌಂಟೆಂಟ್ ಅಲ್ಲವಲ್ಲ.

ಬೇರೆ ಜೈಲಿಗೆ ಸಾಗಿಸಿದರೆ ಅದೇ ದಿನ ಹೊಸ ವಿಳಾಸವನ್ನು ಕೋರ್ಟಿಗೆ ಬರೆಯಬೇಕು. ಸಾಲ ಅವನ ಹಿಂದೆಯೇ ಹೊಸ ಜೈಲಿಗೆ ಹೋಗುತ್ತದೆ. ಕೋರ್ಟಿನ ಕಾಗದ ಹೋಗುವುದಿಲ್ಲ.

ಹೊರಗಿನಿಂದ ನೋಡಿಕೊಳ್ಳಲು ಪೇಸರ್ ಎಂಬ ಕೋರ್ಟ್ ದಾಖಲೆಗಳ ಜಾಲತಾಣ ಇದೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಿಗೆ 30 ಡಾಲರ್ ದಾಟದಿದ್ದರೆ ಬಿಲ್ಲೇ ಇಲ್ಲ. ನೆಂಟರಲ್ಲಿ ಯಾರಾದರೂ ಒಬ್ಬರು ಖಾತೆ ತೆರೆದು ವಾರಕ್ಕೊಮ್ಮೆ ನೋಡಿದರೆ ಗಡುವು ತಪ್ಪುವುದಿಲ್ಲ. ಮೇಷ್ಟ್ರ ಕಡೆ ಈ ಕೆಲಸ ಮಾಡುತ್ತಿರುವುದು ಅವರ ತಂಗಿ ಮಗಳು. ಹುಡುಗನಿಗಿಂತ ಎರಡು ವಾರ ಮುಂಚೆ ಅವಳಿಗೇ ಸುದ್ದಿ ಗೊತ್ತಾಗುತ್ತದೆ.

ಹೆಜ್ಜೆ 8: ಸ್ಟ್ರೈಕ್ ಬೀಳದಂತೆ ನೋಡಿಕೊಳ್ಳುವುದು

ಎದುರಾಳಿಗೆ ಸಮನ್ಸ್ ಹೋಗುವ ಮುಂಚೆಯೇ ನ್ಯಾಯಾಧೀಶರು ದೂರನ್ನು ಜರಡಿ ಹಿಡಿಯುತ್ತಾರೆ. ಪೊಳ್ಳು, ದ್ವೇಷದ್ದು, ಕಾನೂನಿನ ಪ್ರಕಾರ ಕೇಸೇ ಆಗುವುದಿಲ್ಲ ಅನ್ನಿಸಿದರೆ ಅಲ್ಲೇ ವಜಾ. 350 ಹೋಯಿತು, ಜೊತೆಗೆ ಒಂದು ಸ್ಟ್ರೈಕ್, ಅಂದರೆ ಅವನ ಹೆಸರಿನ ಮೇಲೆ ಒಂದು ಕಪ್ಪು ಚುಕ್ಕೆ. ಅಂಥ ಮೂರು ಬಿದ್ದರೆ ಮುಂದೆ ಕಂತಿನ ಸೌಲಭ್ಯವೇ ಇಲ್ಲ. 405 ಡಾಲರನ್ನು ಒಟ್ಟಿಗೆ ಇಟ್ಟರೆ ಮಾತ್ರ ಹೊಸ ಕೇಸು. ಒಂದೇ ಒಂದು ವಿನಾಯಿತಿ ಇದೆ. ಕೇಸ್ ಹಾಕುವ ಹೊತ್ತಿಗೆ ಮೈಗೆ ಗಂಭೀರ ಗಾಯದ ಅಪಾಯ ಎದುರಿಗೇ ಇರಬೇಕು. ಹೋದ ವರ್ಷ ಇತ್ತು ಅಂದರೆ ಆಗುವುದಿಲ್ಲ.

"ಮತ್ತೆ ಹಾಕಬಹುದು" ಅಂತ ಹೇಳಿ ವಜಾ ಮಾಡಿದರೂ ಸ್ಟ್ರೈಕ್ ಸ್ಟ್ರೈಕೇ ಅಂತ 2020ರಲ್ಲಿ ಲೊಮ್ಯಾಕ್ಸ್ ಕೇಸಿನಲ್ಲಿ ತೀರ್ಪಾಯಿತು. ಅಪೀಲು ಬಾಕಿ ಇದ್ದರೂ ಎಣಿಕೆಗೆ ಬರುತ್ತದೆ ಅಂತ 2015ರ ಕೋಲ್ಮನ್ ತೀರ್ಪು. ನನ್ನ ಸಲಹೆ ಇಷ್ಟು. ಊಟ ತಣ್ಣಗಿತ್ತು, ಗಾರ್ಡ್ ಬೈದ ಅನ್ನುವುದನ್ನೆಲ್ಲ ತುರುಕಬೇಡಿ. ಯಾರು, ಯಾವ ದಿನ, ಏನು ಮಾಡಿದರು ಅಥವಾ ಮಾಡಲಿಲ್ಲ, ಅದರಿಂದ ಏನಾಯಿತು. ಇಷ್ಟನ್ನು ಹೆಸರು ಹಿಡಿದು ಬರೆದರೆ ಜರಡಿ ದಾಟುವ ಸಾಧ್ಯತೆ ಹೆಚ್ಚು. ತಿದ್ದಿ ಬರೆಯಲು ಅವಕಾಶ ಕೊಟ್ಟರೆ ಬಿಡಬೇಡಿ, ತಿದ್ದುಪಡಿಗೆ ಹೊಸ ಫೀ ಇಲ್ಲ.

ಎರಡನೇ ಕೇಸು, ಗುಂಪಿನ ಕೇಸು, ಅಪೀಲು

ಎರಡು ಕೇಸಿದ್ದರೆ ಶೇ. 20ನ್ನು ಇಬ್ಭಾಗ ಮಾಡುವುದಿಲ್ಲ. ಪ್ರತಿ ಕೇಸಿಗೂ ಶೇ. 20. 2016ರ ಬ್ರೂಸ್ ವಿರುದ್ಧ ಸ್ಯಾಮ್ಯುಯೆಲ್ಸ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೀಗೆ ಹೇಳಿತು. ಐದು ಕೇಸಿದ್ದರೆ ತಿಂಗಳ ಆದಾಯವೆಲ್ಲ ಸ್ವಾಹಾ, ಆ 10 ಡಾಲರಿನ ಗೆರೆ ಮಾತ್ರ ಉಳಿಯುತ್ತದೆ.

ಹತ್ತು ಜನ ಸೇರಿ ಒಂದು ಕೇಸು ಹಾಕಿ ಫೀ ಹಂಚಿಕೊಳ್ಳೋಣ ಅನ್ನುವುದೂ ಹೆಚ್ಚಿನ ಕಡೆ ನಡೆಯುವುದಿಲ್ಲ. ಕೆಲವು ಅಪೀಲು ಕೋರ್ಟುಗಳು ಕೈದಿಗಳು ಒಟ್ಟಿಗೆ ಹಾಕುವುದನ್ನೇ ಒಪ್ಪುವುದಿಲ್ಲ. ಒಪ್ಪುವ ಕಡೆಯೂ ಹೆಚ್ಚಾಗಿ ಒಬ್ಬೊಬ್ಬರೂ ಪೂರ್ತಿ 350 ಕಟ್ಟಬೇಕು.

ಅಪೀಲಿಗೆ 605 ಡಾಲರ್. ಅದೂ ಇದೇ ಕಂತಿನ ದಾರಿಯಲ್ಲಿ, ಮೊದಲ ಸಾಲದ ಮೇಲೆ ಇನ್ನೊಂದು ಸಾಲ. ಅಪೀಲೂ ಪೊಳ್ಳು ಅಂತ ವಜಾ ಆದರೆ ಇನ್ನೊಂದು ಸ್ಟ್ರೈಕ್. ಸಿಟ್ಟಿನಲ್ಲಿ ಅಪೀಲಿನ ನೋಟಿಸ್ ಬರೆಯುವ ಮುಂಚೆ ಎರಡು ರಾತ್ರಿ ಮಲಗಿ ಎದ್ದು ಯೋಚಿಸಲಿ.

ಗೆದ್ದರೆ ಕಟ್ಟಿದ ಫೀಯನ್ನು ಖರ್ಚಿನ ಲೆಕ್ಕದಲ್ಲಿ ಎದುರಾಳಿಯಿಂದ ಕೇಳಬಹುದು. ಸೋತರೆ ಎದುರಾಳಿಯ ಕೋರ್ಟ್ ಖರ್ಚೂ ಇವನ ಮೇಲೆ ಬೀಳಬಹುದು, ಅದನ್ನೂ ಇದೇ ಶೇ. 20ರ ಕಂತಿನಲ್ಲಿ ಕತ್ತರಿಸುತ್ತಾರೆ. ರಾಜಿಯಾದರೆ, ಕೇಸನ್ನು ತಾನೇ ವಾಪಸ್ ತೆಗೆದುಕೊಂಡರೆ, ಉಳಿದ ಕಂತು ನಿಲ್ಲುವುದಿಲ್ಲ. ರಾಜಿ ಮಾತಾಡುವಾಗ ಬಾಕಿ ಫೀಯನ್ನೂ ಮೊತ್ತದೊಳಗೆ ಸೇರಿಸಿ ಕೇಳುವುದು ಮರೆಯಬೇಡಿ.

ನಡುವೆ ಬಿಡುಗಡೆಯಾದರೆ ಬಾಕಿ ಏನಾಗುತ್ತದೆ ಅನ್ನುವುದರಲ್ಲಿ ಅಪೀಲು ಕೋರ್ಟುಗಳು ಒಂದೇ ಮಾತಾಡುವುದಿಲ್ಲ. ಕೆಲವು ಕಡೆ ಹೊರಗಿನವರ ಬಡತನದ ಅರ್ಜಿ ಹೊಸದಾಗಿ ಕೊಟ್ಟರೆ ಮುಂದಿನದು ಬಿಡುತ್ತಾರೆ. ಕೆಲವು ಕಡೆ ಒಳಗಿದ್ದಾಗ ಬಾಕಿಯಾದದ್ದನ್ನು ಕಟ್ಟಲೇಬೇಕು. ಹೊರಬಂದ ವಾರದಲ್ಲೇ ವಿಳಾಸ ಬದಲಾವಣೆಯ ಜೊತೆ ಈ ಅರ್ಜಿಯನ್ನೂ ಕಳಿಸುವುದು ಒಳ್ಳೆಯದು.

ಕೊನೆಯ ಕಂತು

ಕಟ್ಟಬೇಕಾದ ಫೀಗಿಂತ ಒಂದು ಸೆಂಟ್ ಜಾಸ್ತಿ ತೆಗೆಯುವಂತಿಲ್ಲ ಅಂತ ಕಾನೂನು ಹೇಳುತ್ತದೆ. ಆದರೆ ಕತ್ತರಿಸುವವನು ಜೈಲಿನ ಕಂಪ್ಯೂಟರಿನ ಮುಂದೆ ಕೂತವನು, ಎಣಿಸುವವನು ಕೋರ್ಟಿನ ಕಂಪ್ಯೂಟರಿನ ಮುಂದೆ ಕೂತವನು. ಇಬ್ಬರ ಲೆಕ್ಕವೂ ಯಾವಾಗಲೂ ಸರಿ ಹೊಂದುವುದಿಲ್ಲ. ಆರು ತಿಂಗಳಿಗೊಮ್ಮೆ ಕ್ಲರ್ಕ್‌ಗೆ ಕೇಸ್ ನಂಬರ್ ಹಾಕಿ "ಇದುವರೆಗೆ ಎಷ್ಟು ಬಂದಿದೆ, ಎಷ್ಟು ಬಾಕಿ" ಅಂತ ಬರೆದು ಕೇಳಿ. ಬಂದ ಉತ್ತರವನ್ನು ಜೈಲಿನ ಖಾತೆ ಪಟ್ಟಿಯ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿ. ಮೇಷ್ಟ್ರು ಇದಕ್ಕೆಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದಾರೆ. ಎಡಗಡೆ ಜೈಲು, ಬಲಗಡೆ ಕೋರ್ಟು. ಹೋದ ತಿಂಗಳು ಎಡಕ್ಕಿದ್ದ 9 ಡಾಲರ್ ಬಲಕ್ಕೆ ಬಂದಿರಲಿಲ್ಲ. ಕಾಗದ ಬರೆದಿದ್ದಾರೆ, ಉತ್ತರ ಇನ್ನೂ ಬರಬೇಕು.